ಹಸಿರು ಚೌಕದಾಗಿನ ಅಜ್ಜ

ಕಾಕಾ ನಮ್ಮ ಹೊಲದ ಲೇಔಟ್ ಪ್ಲ್ಯಾನಿನ ಹಾಳಿ ತಂದು ಊಟದ ಟೇಬಲ್ ಮ್ಯಾಲೆ ಹರವಿದಾಗ ನಾ ಮೊದಲ ನೋಡಿದ್ದು ಸೈಟುಗಳನ್ನ. ಎಲ್ಲಾರೂ ಮೊದಲ ನೋಡೂದು ಅದನ್ನ ಬಿಡ್ರಿ. 30-40 ಎಷ್ಟು ಬೀಳ್ತಾವು, 20-30 ಎಷ್ಟು, ಕಾರ್ನರ್ ಸೈಟು ಯಾರ ಪಾಲಿಗೆ. ಒಂದು ಕಪ್ ಚಾ ಮುಗಿಯೂದ್ರಾಗ ತಲ್ಯಾಗ ಕೂಡ್ಸೂದು ಕಳಿಯೂದು ಎಲ್ಲಾ ಮುಗದಿತ್ತು. ಆಮ್ಯಾಲೆ ಕಾಕಾ ಹಾಳಿ ಮ್ಯಾಲೆ ಬಟ್ಟು ಇಟ್ಟು "ಅಜ್ಜ ಇಲ್ಲೆ ಬರ್ತಾನ ನೋಡಪಾ" ಅಂದ. ಬಟ್ಟು ತಗದ್ರ ಕೆಳಗ ಒಂದು ಹಸಿರು ಚೌಕ. ಅದರಾಗ ಸಣ್ಣ ಅಕ್ಷರದಾಗ "ಪಾರ್ಕ್" ಅಂತ ಬರದಿತ್ತು.

ಹುಬ್ಬಳ್ಳಿ ಗಬ್ಬೂರ ಕಡೆ ನಮ್ಮದು ನಾಕೂವರಿ ಎಕರೆ ಎರಿ ಹೊಲ. ಹೊಲ ಅನ್ನೂದು ಈಗ ಬಾಯಿ ರೂಢಿ ಅಷ್ಟ, ಎನ್‌ಎ ಆಗಿ, ಅಂದ್ರ ಬ್ಯಾಸಾಯಕ್ಕಲ್ಲದ ಜಾಗ ಅಂತ ಕಾಗದ ಆಗಿ, ಎರಡು ವರ್ಷಾತು. ಅದರ ಪಡುವಣ ಬದುವಿಗೆ ಒಂದು ಬೇವಿನ ಗಿಡ, ಗಿಡದ ಬುಡಕ್ಕ ಮೂರು ಗದ್ದುಗಿ. ಒಂದು ಅಜ್ಜಂದು, ಒಂದು ಅಜ್ಜಿದು. ಮೂರನೇದು ಬರೇ ಕಲ್ಲು ಮಣ್ಣಿನ ಗುಡ್ಡಿ, ಅದು ಪ್ಲೇಗಿನ ಕಾಲದ್ದು ಅಂತ ಅಜ್ಜಿ ಹೇಳ್ತಿದ್ಲು. 1898ರ ಆಸುಪಾಸಿನಾಗ ಹುಬ್ಬಳ್ಯಾಗ ಪ್ಲೇಗ್ ಬಡದಾಗ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡು ಕುಂತ ಮನಿತನಗಳಾಗ ನಮ್ಮದೂ ಒಂದು, ಅಲ್ಲೇ ತೀರಿಕೊಂಡಾವ್ರನ್ನ ಅಲ್ಲೇ ಮಣ್ಣ ಮಾಡಿದ್ರಂತ. ಯಾರು, ಹೆಸರೇನು, ಅಜ್ಜನ ಅಪ್ಪಗ ಏನಾಗಬೇಕಿತ್ತು, ಅದನ್ನ ಕೇಳೂ ಹೊತ್ತಿಗೆ ಅಜ್ಜಿಯೂ ಅದರ ಬಾಜೂಕ ಹೋಗಿ ಕುಂತಿದ್ಲು.

ಲೇಔಟ್ ಮಾಡಬೇಕಂದ್ರ ಇಂತಿಷ್ಟು ಜಾಗ ಪಾರ್ಕಿಗೆ ಬಿಡಬೇಕು ಅಂತ ಕಾನೂನೈತಿ, ಬಿಟ್ಟಿದ್ದು ಮುಂದ ಊರಿಂದಾಗ್ತೈತಿ. ನಮ್ಮ ಎಂಜಿನಿಯರ್ ಭಾಳ ಶ್ಯಾಣ್ಯಾ. ಹೆಂಗೂ ಗೋರಿ ಇರೂ ಜಾಗದಾಗ ಯಾರೂ ಸೈಟ್ ತೊಗೊಳ್ಳಂಗಿಲ್ಲ, ಹೆಂಗೂ ಒಂದಿಷ್ಟು ಜಾಗ ಪುಕ್ಕಟೆ ಬಿಡಾಕ ಬೇಕು, ಎರಡೂ ಲೆಕ್ಕ ಒಂದ ಕಡೆ ಕೂಡಿಸಿಬಿಟ್ಟಾನ. ಇದರಾಗ ಸಿಟ್ಟಾಗೂ ಅಂಥಾದ್ದು ಏನೂ ಇಲ್ಲ. ಆದ್ರೂ ಅವತ್ತಿಂದ ನನಗ ರಾತ್ರಿ ನಿದ್ದಿ ಬರೂ ಮುಂದ ಒಂದ ಕಣ್ಣಿಗೆ ಕಟ್ಟತೈತಿ. ನಾಳೆ ಅಲ್ಲೆ ಜೋಕಾಲಿ ಹಾಕ್ತಾರ, ಜಾರಬಂಡಿ ಹಾಕ್ತಾರ, ಟ್ರ್ಯಾಕ್ ಸೂಟ್ ಹಾಕ್ಕೊಂಡ ನಾಕು ಮಂದಿ ಶುಗರ್ ಕಡಿಮಿ ಮಾಡಕೊಳ್ಳಾಕ ಸುತ್ತು ಹೊಡೀತಾರ. ನಡುಬರಕ ನಮ್ಮಜ್ಜ. ಅದು ಛಲೋನೋ ಕೆಟ್ಟದ್ದೋ ನನಗ ತಿಳೀವಲ್ದು.

ಅಜ್ಜನ ತೊಡಿ

ಶೀಗಿ ಹುಣ್ಣಿವಿ ದಿನ ಹೊಲಕ್ಕ ಹೋಗೂದು ನಮ್ಮ ಕಡ್ಯಾವ್ರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾ ಸಣ್ಣಾಂವ ಇದ್ದಾಗ ಚಕ್ಕಡಿ, ಆಮ್ಯಾಲೆ ಟ್ರ್ಯಾಕ್ಟರು, ಈಗ ಸ್ಕೂಟಿ ಮುಂದ ಡಬ್ಬಿ ಇಟಗೊಂಡು ಹೋಗೂದು. ಬುಟ್ಟ್ಯಾಗ ಸಜ್ಜಿ ರೊಟ್ಟಿ, ಎಣಗಾಯಿ ಬದನಿಕಾಯಿ, ಪುಂಡಿಪಲ್ಯ, ಗುರೆಳ್ಳ ಚಟ್ನಿ, ಶೇಂಗಾ ಹೋಳಿಗಿ, ಕರಿಗಡಬು, ಮೊಸರನ್ನ. ಬನ್ನಿ ಗಿಡದ ಬುಡಕ್ಕ ಐದು ಕಲ್ಲು ಆರಿಸಿ ತೊಳದು ಸುಣ್ಣಾ ಹಚ್ಚಿ ಪಾಂಡವರನ್ನ ಮಾಡೂದು, ಪೂಜಿ ಆದ ಮ್ಯಾಲೆ ಕಾಕಾ ಮುಂದ ಚರಗ ಚೆಲ್ಲಕೋತ, ಅವನ ಹಿಂದ ನಾವು ಹುಡುಗೂರು ಒದರಕೋತ ಹೊಲದ ಸುತ್ತ ಓಡೂದು. ಇದೆಲ್ಲಾ ಎಲ್ಲಾರ ಹೊಲದಾಗೂ ಒಂದ. ನಮ್ಮ ಹೊಲದಾಗ ಒಂದ ಹೆಚ್ಚಿಗಿ ಏನಿತ್ತಂದ್ರ, ಊಟಕ್ಕ ಕುಂದ್ರೂದು ಗದ್ದುಗಿ ಮುಂದ. ಯಾಕಂದ್ರ ನೆರಳು ಇದ್ದಿದ್ದ ಅಲ್ಲಿ. ಅಕ್ಟೋಬರ್ ಬಿಸಿಲಿನಾಗ ಎರಿ ಹೊಲದಾಗ ಮತ್ತೆಲ್ಲಿ ಕುಂದ್ರಬೇಕು?

ಅಜ್ಜನ ಗದ್ದುಗಿ ಅಂದ್ರ ಮೊಣಕಾಲುದ್ದ ಒಂದು ಕಟ್ಟಿ, ಮ್ಯಾಲೊಂದು ಸಣ್ಣ ಲಿಂಗ. ಹಬ್ಬಕ್ಕ ಎರಡು ದಿನ ಮುಂಚೆ ಸುಣ್ಣಾ ಹಚ್ಚಿರ್ತಿದ್ರು. ಅವ್ವ ಮೊದಲ ಒಂದು ಎಡಿ ಅಲ್ಲಿಟ್ಟು, ನೀರು ಬಿಟ್ಟು, ಕೈ ಮುಗದು ಆಮ್ಯಾಲೆ ನಮಗ ಬಡಸ್ತಿದ್ಲು. ಒಂದ ವರ್ಷ, ನನಗ ಏಳೋ ಎಂಟೋ, ಓಡಿ ಓಡಿ ಸುಸ್ತಾಗಿ ಆ ಕಟ್ಟಿಗೆ ಬೆನ್ನು ಹಚ್ಚಿ ಕುಂತೆ, ಕುಂತಾಂವ ಹಂಗ ಏರಿ ಮ್ಯಾಲೇ ಕುಂತುಬಿಟ್ಟೆ, ಕಾಲು ಇಳಿಬಿಟಗೊಂಡು, ಕೈಯಾಗ ಕರಿಗಡಬು. ಸೋದರತ್ತಿ ಹೌಹಾರಿ "ಏ ಇಳಿಯೋ, ಎಲ್ಲಿ ಕುಂತಿ ಖಬರೈತೇನು!" ಅಂತ ಒದರಿದ್ಲು. ಅಜ್ಜಿ ಆಗ ಇನ್ನೂ ಇದ್ಲು. ಎಲಿ ಅಡಕಿ ಕುಟಗೋತ ಕುಂತಾಕಿ ತಲಿ ಎತ್ತಲಾರ್ದ ಹೇಳಿದ್ಲು, "ಕುಂದರ್ಲಿ ಬಿಡ. ಅವರಜ್ಜನ ತೊಡಿ ಅದು. ಇದ್ದಿದ್ರ ಅಂವನ ಕುಂದ್ರಸ್ಕೋತಿದ್ದ." ಅಜ್ಜನ್ನ ನಾ ನೋಡಿಲ್ಲ, ನಾ ಹುಟ್ಟೂದ್ಕಿಂತ ಎರಡು ವರ್ಷ ಮೊದಲ ಹೋದಾಂವ. ಆದ್ರ ಬಿಸಿಲಿಗೆ ಕಾದ ಆ ಕಟ್ಟಿ ಬೆಚ್ಚಗಿತ್ತು, ಅದು ನೆನಪೈತಿ. ಇಳದ ಮ್ಯಾಲೆ ಚಡ್ಡಿ ಹಿಂದ ಎರಡೂ ಕಡೆ ಬೆಳ್ಳಗ ಸುಣ್ಣಾ ಹತ್ತಿತ್ತು, ಅವ್ವ ತಿರುಗಿಸಿ ನಿಂದ್ರಿಸಿ ಪಟಪಟ ಝಾಡಿಸಿದ್ದೂ ನೆನಪೈತಿ, ಅದರಾಗ ಎರಡು ಏಟು ಸುಣ್ಣಕ್ಕಲ್ಲ, ನನಗ.

ನೀರು ಹಾಕ್ಕೊಂಡ ಒಳಗ ಬಾ

ಇದ ನಮ್ಮವ್ವ, ಇದ ಮನಿತನ, ಹುಬ್ಬಳ್ಳಿ ಮನಿಯಿಂದ ಯಾರದರ ಮಣ್ಣಿಗೆ ಹೋಗಿ ಬಂದ್ರ ಹೊಸ್ತಿಲಾ ದಾಟಾಕ ಬಿಡಂಗಿಲ್ಲ. ಬಾಗಲ ಹೊರಗ ಬಕೀಟು, ಚರಗಿ. ತಲಿ ಮ್ಯಾಲೆ ನೀರು ಹಾಕ್ಕೊಂಡ ಒಳಗ ಬಾ. ಮೊಬೈಲ್ ಅಲ್ಲೇ ಕಿಡಕ್ಯಾಗಿಡು. ರುದ್ರಭೂಮಿ ಮುಂದ ಹಾದು ಹೋಗೂ ಆಟೋದಾಗ ಕುಂತ್ರೂ ಸೆರಗು ಮೂಗಿಗೆ ಹಿಡೀತಾಳ. ಹಂಗಾದ್ರ ಹೊಲದಾಗ ಹೆಂಗ ಊಟ ಮಾಡ್ತೀ ಅಂತ ಕೇಳಿದೆ ಒಮ್ಮೆ. "ಅವು ನಮ್ಮವು" ಅಂದ್ಲು. ಮಾತು ಮುಗೀತು.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಹೋದಾಗ ಹೊಲದಾಗ ಮಣ್ಣ ಮಾಡಾಕ ಆಗ್ಲಿಲ್ಲ, ಆಗಲೇ ಎನ್‌ಎ ಕಾಗದ ಓಡ್ಯಾಡ್ತಿದ್ವು, ಇನ್ನೊಂದು ಗದ್ದುಗಿ ಎದ್ದರ ತೊಂದ್ರಿ ಅಂತ ಯಾರೋ ಹೇಳಿದ್ರು. ಊರಿನ ಸಮಾಜದ ರುದ್ರಭೂಮಿಗೆ ಹೋದ್ವಿ. ಗೇಟಿನಿಂದ ಒಳಗ ಹತ್ತು ಹೆಜ್ಜಿ ಅಷ್ಟ ದಾರಿ, ಆಮ್ಯಾಲೆ ಎದಿಮಟ ಬಳ್ಳಾರಿ ಜಾಲಿ. ಬಾಟ್ಲಿ ಚೂರು, ಹೆಣಾ ಹೊತ್ತ ಹಳೇ ವಿಮಾನದ ಬಿದರು, ಒಣಗಿದ ಹೂವಿನ ಮಾಲಿ, ಹರದ ಪ್ಲಾಸ್ಟಿಕ್ ಚೀಲ. ತಗ್ಗು ತೋಡೂ ಹುಡುಗ ಒಂದು ಕಡೆ ಗುದ್ದಲಿ ಹಾಕಿ ನಿಂತ, "ಇಲ್ಲಿ ಬ್ಯಾಡ್ರಿ, ಇಲ್ಲಿ ಒಬ್ರು ಅದಾರ." ನಾಕು ಮಾರು ಆಚೆ ಹೋಗಿ ಮತ್ತ ಹಾಕಿದ. ಎರಡು ಫೂಟು ಹೋಗಿ, "ಇಲ್ಲೂ ಅದಾರ್ರಿ." ಬಸ್ಸಿನಾಗ ಸೀಟು ಹುಡುಕಿದಂಗ. ಮೂರನೇ ಸಲಕ್ಕ ಗ್ವಾಡಿ ಮೂಲ್ಯಾಗ ಖಾಲಿ ಸಿಕ್ತು. ಚಿಗವ್ವನ್ನ ಗೂಡಿನಾಗ ಕುಂದ್ರಿಸಿ, ಕೈಯಾಗ ಲಿಂಗ ಇಟ್ಟು, ವಿಭೂತಿ, ಪತ್ರಿ, ಉಪ್ಪು ಎಲ್ಲಾ ಹಾಕಿ ಬಂದ್ವಿ. ಮೂರನೇ ದಿನ ಹಾಲು ತುಪ್ಪಕ್ಕ ಹೋದಾಗ ಜಾಗ ಗುರ್ತು ಸಿಗಾಕ ಹತ್ತು ನಿಮಿಷ ಬೇಕಾತು. ಅದಾದ ಮ್ಯಾಲೆ ಕಾಕಾ ಒಮ್ಮಿಯೂ ಹೋಗಿಲ್ಲ, ನಾನೂ ಹೋಗಿಲ್ಲ. ಖರೇ ಹೇಳಬೇಕಂದ್ರ ಹೋದ್ರ ಸಿಗ್ತಾಳೋ ಇಲ್ಲೋ ಅನ್ನೂ ಅಂಜಿಕಿ.

ನಾವು ದೆವ್ವಕ್ಕ ಅಂಜತೀವಿ ಅಂತ ಎಲ್ಲಾರೂ ಹೇಳ್ತಾರ. ನನಗ ಹಂಗ ಅನಸಂಗಿಲ್ಲ. ಸಿದ್ಧಾರೂಢ ಮಠದಾಗ ಏನೈತಿ? 1929ರಾಗ ಹೋದ ಅಜ್ಜಾರ ಗದ್ದುಗಿ. ಸಂಜಿಕೆ ಅಲ್ಲಿ ಕುಂದ್ರಾಕ ಜಾಗ ಸಿಗಂಗಿಲ್ಲ, ಹುಡುಗೂರು ಆ ಕಂಬದಿಂದ ಈ ಕಂಬಕ್ಕ ಓಡತಿರ್ತಾವು, ಮುದುಕ್ಯಾರು ಸೊಸ್ತ್ಯಾರ ಸುದ್ದಿ ಹೇಳಕೋತ ಕುಂತಿರ್ತಾರ. ಗದಗಿನ ಪುಣ್ಯಾಶ್ರಮಕ್ಕ ಹೋದ್ರೂ ಹಂಗ, ಗವಾಯಿಗಳು ಗದ್ದುಗ್ಯಾಗ ಕುಂತಾರ, ಬಾಜೂಕ ಹುಡುಗೂರು ಹಾರ್ಮೋನಿಯಂ ಮ್ಯಾಲೆ ಸರಿಗಮ ಬಡೀತಿರ್ತಾವು. ಅಲ್ಲಿಂದ ಬಂದು ಯಾರರ ನೀರು ಹಾಕ್ಕೋತಾರೇನು? ಬಳ್ಳಾರಿ ಜಾಲಿಗೆ ಅಂಜತೀವಿ ನಾವು, ಸತ್ತಾವ್ರಿಗಲ್ಲ.

ಮಲಗಿದಾವ್ರ ನಡುವ

ನನ್ನ ಅಕ್ಕನ ಮಗ ಕೋಪನ್‌ಹೇಗನ್‌ದಾಗ ಇದ್ದಾನ. ಹೋದ ಜೂನ್‌ದಾಗ ಹನ್ನೆರಡು ದಿನ ಅವನ ಕಡೆ ಇದ್ದು ಬಂದೆ. ಒಂದಿನ ಸಂಜಿಕೆ, ಸಂಜಿ ಅಂದ್ರ ಅಲ್ಲಿ ರಾತ್ರಿ ಒಂಬತ್ತಾದ್ರೂ ಝಗ್ ಅಂತ ಬಿಸಿಲು, "ಮಾಮಾ ಬರ್ರಿ, ನಾವು ದಿನಾ ಹೋಗೂ ಪಾರ್ಕ್ ತೋರಸ್ತೀನಿ" ಅಂತ ಕರಕೊಂಡು ಹೋದ. ಹಳದಿ ಬಣ್ಣದ ಉದ್ದಾನ ಗ್ವಾಡಿ, ಒಳಗ ಎತ್ತರದ ಗಿಡಗಳ ಸಾಲು, ನಡುವ ದಾರಿ, ಸೈಕಲ್ ಮ್ಯಾಲೆ ಮಂದಿ ಬಾಜಾರ ಮಾಡಕೊಂಡು ಹೊಂಟಾರ. ಹುಲ್ಲಿನ ಮ್ಯಾಲೆ ಚಾದರ ಹಾಸಿ ಹುಡುಗ ಹುಡುಗ್ಯಾರು ಅಂಗಿ ಕಳದು ಬಿಸಿಲಿಗೆ ಮಲಗ್ಯಾರ, ನಾ ನೆಲ ನೋಡಕೋತ ನಡದೆ. ಹಂಗ ನೆಲ ನೋಡಕೋತ ನಡದಿದ್ದಕ್ಕ ಕಲ್ಲಿನ ಮ್ಯಾಲೆ ಹೆಸರು ಕಂಡ್ವು. ಇಸ್ವಿ ಕಂಡ್ವು. ಹುಟ್ಟಿದ್ದು, ಹೋದದ್ದು.

"ಏ ಇದು ಸುಡುಗಾಡೋ!" ಅಂದೆ. "ಹೌದ್ರಿ ಮಾಮಾ" ಅಂದ, ಕೈಯಾಗಿನ ಐಸ್‌ಕ್ರೀಮ್ ನೆಕ್ಕೋತ.

ಅಸಿಸ್ಟೆನ್ಸ್ ಅಂತ ಅದರ ಹೆಸರು. ಅದರ ಕಥಿ ಕೇಳಿದ್ರ ನಮ್ಮ ಹೊಲದ ಕಥಿನ ಅನಸ್ತು. ಅಲ್ಲೂ ಪ್ಲೇಗ್, 1711ರಾಗ. ಊರಾಗಿನ ಮೂರನೇ ಒಂದು ಪಾಲು ಮಂದಿ ಹೋದ್ರಂತ, ಚರ್ಚುಗಳ ಅಂಗಳ ಎಲ್ಲಾ ತುಂಬಿ ಹೋದ್ವು. ಕಡೀಕ 1760ಕ್ಕ ಕೋಟಿ ಹೊರಗ ಈ ಜಾಗ ಮಾಡಿದ್ರು, ಒಳಗಿನ ಸ್ಮಶಾನಗಳಿಗೆ ಕೈ ಆಸರಾಗ್ಲಿ ಅಂತ, ಅದಕ್ಕ ಆ ಹೆಸರು. ಮೊದಲ ಮೊದಲ ಬಡವರನ್ನಷ್ಟ ಇಲ್ಲಿ ತರ್ತಿದ್ರು, ಮರ್ಯಾದಸ್ತರು ಊರಾಗ ಚರ್ಚಿನ ಬಾಜೂಕ ಬೇಕಂತಿದ್ರು. 1785ರಾಗ ದೊಡ್ಡ ಹುದ್ದೆದಾಗಿದ್ದ ಒಬ್ಬಾಂವ ನನ್ನನ್ನ ಅಲ್ಲೇ ಹುಗೀರಿ ಅಂತ ಹೇಳಿ ಸತ್ತ, ಆಮ್ಯಾಲೆ ನೋಡ್ರಿ, ಅದ ಫ್ಯಾಷನ್ ಆಗಿಬಿಟ್ತು. ಸೈಟ್ ರೇಟು ಏರೂದೂ ಹಿಂಗ ಅಲ್ಲೇನು, ಒಬ್ಬ ಡಾಕ್ಟರ್ ಬಂದು ಮನಿ ಕಟ್ಟಿಸಿದಾ ಅಂದ್ರ ಮುಗೀತು.

ಸಾಲಿ ಪುಸ್ತಕದಾಗ ಕೊಳಕು ಬಾತುಮರಿ ಕಥಿ ಓದಿದ್ವಲ್ಲ, ಅದನ್ನ ಬರದ ಆಂಡರ್ಸನ್ ಅಲ್ಲೇ ಮಲಗ್ಯಾನ, 1875ರಿಂದ. ಪಿಯುಸಿ ಫಿಸಿಕ್ಸಿನಾಗ ನನ್ನ ಫೇಲ್ ಮಾಡಿಸಿದ ವಿಜ್ಞಾನಿ ನೀಲ್ಸ್ ಬೋರ್ ಅಲ್ಲೇ ಇದ್ದಾನ, ಅವನ ಮುಂದ ಒಂದ್ನಿಮಿಷ ನಿಂತೆ, ಹಳೇ ಲೆಕ್ಕ. ಕೀರ್ಕೆಗಾರ್ಡ್ ಅನ್ನೂ ತತ್ವಜ್ಞಾನಿನೂ ಅಲ್ಲೇ, ಅವನ ಅಡ್ಡಹೆಸರಿನ ಅರ್ಥನ ಅವ್ರ ಭಾಷಾದಾಗ ಸ್ಮಶಾನ ಅಂತ, ಅಂದ್ರ ನಮ್ಮ ಕಡೆ ಸ್ಮಶಾನದ ಅನ್ನೂ ಅಡ್ಡಹೆಸರಿನಾಂವ ರುದ್ರಭೂಮ್ಯಾಗ ಇದ್ದಂಗ. ಎಲ್ಲಾ ಭಾಗಾನೂ ಪಾರ್ಕ್ ಅಲ್ಲ ಮತ್ತ. ಇನ್ನೂ ಮಣ್ಣ ಮಾಡೂ ಕಡೆ ಸುಮ್ನ ನಡೀತಾರ, ಚಾದರ ಹಾಸೂದು ಹಳೇ ಭಾಗದ ಹುಲ್ಲಿನಾಗ. ಅಲ್ಲಿ ಗೋರಿ ಜಾಗ ಲೀಸಿನ ಮ್ಯಾಲೆ, ಅವಧಿ ಮುಗದು ಮನಿಯಾವ್ರು ರಿನ್ಯೂ ಮಾಡ್ಲಿಲ್ಲಂದ್ರ ಕಲ್ಲು ತಗೀತಾರ. ಇದನ್ನ ಕೇಳಿ ಮೊದಲ ಸಿಟ್ಟು ಬಂತು, ಎಂಥಾ ಮಂದಿಯೋ ಇವರು ಅಂತ. ಆಮ್ಯಾಲೆ "ಇಲ್ಲೂ ಅದಾರ್ರಿ" ಅಂದ ನಮ್ಮ ತಗ್ಗಿನ ಹುಡುಗ ನೆನಪಾದ.

ಒಂದು ಹುಡುಗಿ ಯಾರದೋ ಕಲ್ಲಿಗೆ ಬೆನ್ನು ಹಚ್ಚಿ ಪುಸ್ತಕ ಓದಕೋತ ಕುಂತಿತ್ತು, ಬಾಜೂಕ ಸೇಬು, ಅರ್ಧ ತಿಂದದ್ದು. ಅಕ್ಕನ ಮಗ ಹೇಳಿದ, "ಅಲ್ರಿ ಮಾಮಾ, ಮೊದಲ ವರ್ಷ ನನಗೂ ಹೆಂಗೋ ಅನಸ್ತಿತ್ತು. ಆಮ್ಯಾಲೆ ನಮ್ಮ ಶೀಗಿ ಹುಣ್ಣಿವಿ ನೆನಪಾತು." ನಮ್ಮ ಹೊಲಕ್ಕ ಸಣ್ಣಾಂವ ಇದ್ದಾಗ ಎರಡ್ಮೂರು ಸಲ ಬಂದಿದ್ದ. ಒಂದ ಫರಕು ಅಂದ್ರ ಅವ್ರ ಸತ್ತಾವ್ರು ಮಲಗಿರ್ತಾರ, ನಮ್ಮಾವ್ರು ಕುಂತಿರ್ತಾರ. ಮಲಗಿದಾವ್ರ ಹತ್ರ ಸಪ್ಪಳ ಮಾಡಬಾರ್ದು. ಕುಂತಾವ್ರ ಹತ್ರ ಹೋಗಿ ಕುಂದ್ರದಿದ್ರ ಅದು ಮರ್ಯಾದಿ ಅಲ್ಲ.

ಮನಿಗೆ ಬಂದು ನೀರು ಹಾಕ್ಕೊಂಡೆ ಅನ್ನೂದನ್ನ ಮುಚ್ಚಿಡಂಗಿಲ್ಲ. ಅವ್ವಗ ಫೋನಿನಾಗ ಹೇಳಿದ್ರ ಮೊದಲ ಅದನ್ನ ಕೇಳ್ತಾಳ ಅಂತ ಗೊತ್ತಿತ್ತು.

ಟ್ರಿಪ್ಪಿಗೆ ಹೋದ ಗೋರಿ

ಹಂಗ ನೋಡಿದ್ರ ನಾವು ಮೊದಲಿನಿಂದ್ಲೂ ಮಾಡಿದ್ದ ಇದು. ಹೈಸ್ಕೂಲ್ ಟ್ರಿಪ್ಪಿಗೆ ಉತ್ತರ ಕರ್ನಾಟಕದ ಯಾವ ಸಾಲಿ ಹುಡುಗರನ್ನ ಗೋಳಗುಮ್ಮಟಕ್ಕ ಕರಕೊಂಡು ಹೋಗಿಲ್ಲ ಹೇಳ್ರಿ. ಅದು ಏನು? 1656ರಾಗ ಹೋದ ಮುಹಮ್ಮದ ಆದಿಲ್‌ಶಾಹನ ಗೋರಿ. ಮ್ಯಾಲೆ ಕಟ್ಟಿ ಮ್ಯಾಲೆ ಕಾಣೂವು ಬರೇ ಗುರ್ತಿನವು, ಖರೇ ಗೋರಿಗಳು ಕೆಳಗ ನೆಲಮಾಳಗ್ಯಾಗ ಅದಾವು, ಅವನ ಹೆಂಡಂದ್ರು, ಕುಣಿಯೂ ರಂಭಾ, ಎಲ್ಲಾರೂ ಅಲ್ಲೇ. ಅವ್ರ ನೆತ್ತಿ ಮ್ಯಾಲಿನ ಗ್ಯಾಲರಿಯಾಗ ನಿಂತು ನಾವೇನು ಮಾಡಿದ್ವಿ? ಹಿಂದಿನ ಬೆಂಚಿನ ಗೆಳ್ಯಾ ಒಬ್ಬ ತಾನು ಇಷ್ಟಪಟ್ಟ ಹುಡುಗಿ ಹೆಸರು ಒದರಿದ, ಗುಮ್ಮಟ ಅದನ್ನ ಏಳು ಸಲ ಒದರಿ ಕ್ಲಾಸಿಗೆಲ್ಲಾ ಡಂಗುರ ಹೊಡೀತು. ಕೆಳಗಿಳದು ಹುಲ್ಲಿನ ಮ್ಯಾಲೆ ಕುಂತು ಚಪಾತಿ ಬದನಿಕಾಯಿ ತಿಂದ್ವಿ. ಯಾರೂ ನೀರು ಹಾಕ್ಕೋ ಅನ್ನಲಿಲ್ಲ.

ಹಾವೇರ್ಯಾಗ ನನ್ನ ಹೆಂಡತಿ ತವರುಮನಿ. ಅಲ್ಲಿ ಸಿದ್ಧೇಶ್ವರ ಗುಡಿಗೆ, ಅದ ಪಡುವಣ ಮುಖ ಮಾಡಿ ನಿಂತೈತಲ್ಲ, ಸಂಜಿಕೆ ವಾಕಿಂಗ್ ಹೋಗ್ತೀವಿ. ಅಂಗಳದಾಗ ವೀರಗಲ್ಲು. ಕೆಳಗಿನ ಪಟ್ಟ್ಯಾಗ ಬಡದಾಟ, ನಡುವ ಅಪ್ಸರೇರು ಎತ್ತಕೊಂಡು ಹೊಂಟಿದ್ದು, ಮ್ಯಾಲೆ ಲಿಂಗದ ಮುಂದ ಕುಂತಾಂವ, ತುದಿಗೆ ಸೂರ್ಯ ಚಂದ್ರ. ಅದರ ಮುಂದ ನಿಂತು ಮಂದಿ ಸೆಲ್ಫಿ ಹೊಡೀತಾರ, ಅವನೂ ಯಾರ ಮನ್ಯಾಗೋ ಅಜ್ಜ ಆಗಿದ್ದಾನು. ಮತ್ತ ಬೈಲಹೊಂಗಲಕ್ಕ ಹೋದ್ರ ರಾಣಿ ಚೆನ್ನಮ್ಮನ ಸಮಾಧಿ ಸುತ್ತ ಸಣ್ಣ ಪಾರ್ಕ್ ಐತಿ. 23 ಅಕ್ಟೋಬರ್ 1824ಕ್ಕ ಕಿತ್ತೂರಾಗ ಬಿದ್ದ ಕಲೆಕ್ಟರ್ ಥ್ಯಾಕರೆ ಹೆಸರಿನ ಕಲ್ಲು ಧಾರವಾಡದಾಗ ಐತಿ. ಸೆರಿಗೆ ಬಿದ್ದು 1829ರಾಗ ತೀರಿಕೊಂಡ ರಾಣಿ ಹತ್ರ ಹುಡುಗೂರು ಆಡಾಕ ಹೋಗ್ತಾವು, ಆ ಸಾಹೇಬನ್ನ ಹುಡಿಕ್ಕೊಂಡು ಹೋಗಾವ್ರು ಇತಿಹಾಸದ ಮಾಸ್ತರು ಅಷ್ಟ. ಇದರಾಗ ನ್ಯಾಯ ಐತಿ ಅಂತ ನನಗ ಅನಸತೈತಿ, ಆದ್ರ ಅದು ಬ್ಯಾರೆ ಮಾತು.

ಗದ್ದುಗಿ ಫೇಸಿಂಗ್

ಈಗ ಲೇಔಟ್ ಕಥಿ. ಪಾರ್ಕ್ ಫೇಸಿಂಗ್ ಸೈಟಿಗೆ ಎಲ್ಲಾ ಕಡೆ ರೇಟು ಹೆಚ್ಚು. ನಮ್ಮ ಏಜೆಂಟಂದು ಉಲ್ಟಾ ತಕರಾರು. "ಅಣ್ಣಾರ, ಪಾರ್ಕ್ ಖರೇ, ಆದ್ರ ಮುಂಜಾನೆ ಎದ್ದು ಬಾಗಲಾ ತಗದ್ರ ಗದ್ದುಗಿ ಕಾಣತೈತಿ ಅಂತಾರ್ರಿ ಪಾರ್ಟಿ." ಅಂವ ಒಂದು ಐಡಿಯಾ ಕೊಟ್ಟ, ಸ್ವಾಮಿಗಳನ್ನ ಕರಸಿ ಪೂಜಿ ಮಾಡಿಸಿ ಒಂದು ಹಿಡಿ ಮಣ್ಣು ತೊಗೊಂಡು ಬ್ಯಾರೆ ಕಡೆ ಶಿಫ್ಟ್ ಮಾಡಿಬಿಡೂದು, ಕಟ್ಟಿ ಕಿತ್ತು ಲೆವೆಲ್ ಮಾಡೂದು. ಶಿಫ್ಟ್ ಅನ್ನೂ ಮಾತು ಗ್ಯಾಸ್ ಸಿಲಿಂಡರಿಗೆ ಅಂದಂಗ ಅಂದ. ಕಾಕಾ ಮೊದಲ ಹೂಂ ಅಂದಿದ್ದ. ನಾ ಸಿಟ್ಟಿಗೆದ್ದು ಏನೇನೋ ಮಾತಾಡಿದೆ, ಕೋಪನ್‌ಹೇಗನ್ ಸುದ್ದಿನೂ ತಗದೆ. ಕಾಕಾ ಒಂದ ಮಾತಿಗೆ ಬಾಯಿ ಮುಚ್ಚಿಸಿದ: "ನಿನಗೇನಪಾ, ಪರದೇಶದಾಗ ಸುಡುಗಾಡ ನೋಡಿ ಬಂದಿ. ನನ್ನ ಹೆಂಡ್ತಿ ಜಾಲಿ ಕಂಟ್ಯಾಗ ಕುಂತಾಳ." ಅದರ ಮ್ಯಾಲೆ ಮಾತಾಡೂ ಮಾರಿ ನನಗಿರಲಿಲ್ಲ.

ಪ್ಲ್ಯಾನು ಆಫೀಸಿನಾಗ ಐತಿ ಇನ್ನೂ, ಒಂದು ಸಲ ರಸ್ತೆ ಅಗಲ ಸಾಲದು ಅಂತ ವಾಪಸ್ ಬಂದು ಮತ್ತ ಹೋತು. ಅಷ್ಟರಾಗ ಶೀಗಿ ಹುಣ್ಣಿವಿ ಬಂತು. ಚರಗ ಚೆಲ್ಲಾಕ ಬೆಳಿ ಇಲ್ಲ, ಬನ್ನಿ ಗಿಡ ರಸ್ತೆಗೆ ಹೋಗೈತಿ, ಹೊಲದ ತುಂಬ ಗರಸು ಹಾಕಿ ರೋಲರ್ ಓಡಿಸ್ಯಾರ, ಅಲ್ಲಲ್ಲಿ ಸೈಟಿನ ಗೂಟಾ. ಹೋಗೂದು ಬ್ಯಾಡ ಅಂತ ನಾ ಅಂದಿದ್ದೆ. ಅವ್ವ ಮುಂಜಾನೆ ನಾಕಕ್ಕೆದ್ದು ಹೋಳಿಗಿ ಮಾಡಿಬಿಟ್ಟಿದ್ಲು. ಹೋಗಿ ನೋಡಿದ್ರ ಗದ್ದುಗಿಗೆ ಹೊಸಾ ಸುಣ್ಣಾ, ಪ್ಲೇಗಿನ ಗುಡ್ಡಿಗೂ ಸುತ್ತ ಕಲ್ಲು ಇಟ್ಟು ಸುಣ್ಣಾ ಹಚ್ಯಾರ. ಯಾರು ಹಚ್ಚಿದ್ದು ಅಂತ ಕೇಳಿದ್ರ ಕಾಕಾ ಸ್ಕೂಟಿ ಸ್ಟ್ಯಾಂಡ್ ಹಾಕೂದ್ರಾಗ ಭಾಳ ಬಿಜಿ ಆದ.

ಬೇವಿನ ನೆರಳಾಗ ಮೊದಲ ಯಾರೋ ಇದ್ರು. ಗಟಾರ ಕೆಲಸಕ್ಕ ಬಂದ ಹೆಣ್ಮಗಳೊಬ್ಬಾಕಿ, ಬಾಜೂಕ ಬುಟ್ಟಿ ಸಲಿಕಿ. ಆಕಿ ಮಗ, ನಾಕು ವರ್ಷದಾಂವ ಇರಬೇಕು, ಅಜ್ಜನ ಕಟ್ಟಿ ಮ್ಯಾಲೆ ಅಂಗಾತ ಮಲಗಿ ನಿದ್ದಿ ಹೊಡ್ಯಾಕತ್ತಿದ್ದ, ಒಂದು ಕೈ ಲಿಂಗದ ಮ್ಯಾಲೆ. ನಮ್ಮನ್ನ ನೋಡಿ ಆ ತಾಯಿ ಗಾಬರಿಯಾಗಿ ಎದ್ದು "ಗೊತ್ತಾಗಲಿಲ್ರೀ ಯವ್ವಾ" ಅನಕೋತ ಹುಡುಗನ್ನ ಎಳ್ಯಾಕ ಹೋದ್ಲು. ಅವ್ವ ಕೈ ಅಡ್ಡ ಮಾಡಿ, "ಇರ್ಲಿ ತಡಿಯವಾ, ಎಬ್ಬಸಬ್ಯಾಡ, ನಾವು ಈ ಕಡೆ ಕುಂದ್ರತೀವಿ" ಅಂದು ಅಜ್ಜಿ ಗದ್ದುಗಿ ಮುಂದ ಚಾಪಿ ಹಾಸಿದ್ಲು. ಎಡಿ ಅಲ್ಲೇ ಇಟ್ಲು.

ನಮ್ಮ ಸಪ್ಪಳಕ್ಕ ಹುಡುಗ ತಾನ ಎದ್ದ. ಕಣ್ಣು ತಿಕ್ಕೋತ ಇಳದು ಬುಟ್ಟಿ ಕಡೆ ನೋಡಕೋತ ನಿಂತ. ಅಂಗಿ ಬೆನ್ನೆಲ್ಲಾ ಬೆಳ್ಳಗ ಸುಣ್ಣಾ. ಅವ್ವ ಕೈಸನ್ನಿ ಮಾಡಿ ಕರದು, ತಿರುಗಿಸಿ ನಿಂದ್ರಿಸಿ, ಪಟಪಟ ಝಾಡಿಸಿದ್ಲು. ಆಮ್ಯಾಲೆ ಹೋಳಿಗಿ ಕೊಟ್ಲು.